ಖಿನ್ನತೆ ಮತ್ತು ಆತ್ಮಹತ್ಯೆ: ಹೊಟೇಲ್ ಮಾಲಕರು ತಿಳಿದಿರಬೇಕಾದ ವೈದ್ಯಕೀಯ ವಿಚಾರ

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಗ್ಯಾಸ್ ಸಿಲಿಂಡರಿನ ದರ, ಲೈಸನ್ಸ್ ನವೀಕರಣ, ಫುಡ್ ಸೇಫ್ಟಿ ನಿಯಮ, ಜಿಎಸ್‌ಟಿ ಇಂತಹ ವಿಷಯಗಳು ಬರುತ್ತವೆ. ಬರಲೇಬೇಕು, ಅದು ನಮ್ಮ ಹೊಟ್ಟೆಪಾಡು. ಆರೋಗ್ಯದ ಪುಟ ಬಂದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇಷ್ಟರಲ್ಲೇ ಮುಗಿಯುತ್ತದೆ. ಈ ಸಲ ನಾವು ಬರೆಯಲು ಹೊರಟ ವಿಷಯವನ್ನು ನಮ್ಮವರು ಬಾಯಿಬಿಟ್ಟು ಮಾತಾಡುವುದಿಲ್ಲ. ಯಾವುದೋ ಹೊಟೇಲಿನ ಹುಡುಗ ಜೀವ ಕಳಕೊಂಡ ಎಂಬ ಸುದ್ದಿ ಬಂದರೆ ಎರಡು ದಿನ ಗಲ್ಲೆಯ ಹತ್ತಿರ ಪಿಸುಮಾತು, ಮೂರನೇ ದಿನ ಎಲ್ಲರೂ ಸುಮ್ಮನೆ. ಊರಿಗೆ ಶವ ಕಳುಹಿಸುವ ಆಂಬುಲೆನ್ಸಿಗೆ ಚಂದಾ ಎತ್ತುತ್ತೇವೆ. ಅದು ನಮ್ಮ ದೊಡ್ಡತನವೇ. ಆದರೆ ಅದಕ್ಕಿಂತ ಮೊದಲು ಏನಾದರೂ ಮಾಡಲಿಕ್ಕೆ ಸಾಧ್ಯವಿತ್ತೇ ಎಂಬ ಪ್ರಶ್ನೆಗೆ ವೈದ್ಯಕೀಯ ಲೋಕ ಕಳೆದ ಐವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದೆ. ಸಿಕ್ಕಿದ ಉತ್ತರಗಳಲ್ಲಿ ಕೆಲವು ನಮ್ಮಂತಹ ಹೊಟೇಲಿನವರ ಕೈಗೆ ಎಟಕುವಂತಹವು. ನಾವು ಡಾಕ್ಟರಲ್ಲ. ಓದಿ, ಕೇಳಿ, ಗೊತ್ತಿರುವ ಡಾಕ್ಟರರ ಹತ್ತಿರ ಸರಿ ನೋಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಎರಡು ಮೂರು ಅಂಕಿ. ಕೇಂದ್ರ ಸರಕಾರದ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಗಂಡಸರು. ಸುಮಾರು ಕಾಲು ಭಾಗದಷ್ಟು ಮಂದಿ ದಿನಗೂಲಿಯವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡಿತು. ಜೀವನದಲ್ಲಿ ಒಂದಲ್ಲ ಒಂದು ಸಲ ಖಿನ್ನತೆಯ ಕಾಯಿಲೆಗೆ ಒಳಗಾದವರು 20ರಲ್ಲಿ ಒಬ್ಬರು ಎಂದು ಅದರಲ್ಲಿ ತಿಳಿದುಬಂತು. ಇಂತಹ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಗಲ್ಲೆಯಲ್ಲಿ ಕುಳಿತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. 40 ಮಂದಿ ಕೆಲಸಕ್ಕಿದ್ದರೆ ಅದರಲ್ಲಿ ಇಬ್ಬರು. ಮಾಲಕರನ್ನೂ ಲೆಕ್ಕಕ್ಕೆ ಸೇರಿಸಬೇಕು. ಬಾಡಿಗೆ, ಬ್ಯಾಂಕ್ ಸಾಲ, ಪಾರ್ಟ್‌ನರ್ ಜಗಳ ಇವೆಲ್ಲ ನಮ್ಮ ತಲೆಯ ಮೇಲೇ ಇವೆ. 2020ರ ಲಾಕ್‌ಡೌನ್ ಸಮಯದಲ್ಲಿ ತಿಂಗಳುಗಟ್ಟಲೆ ಶಟರ್ ಎಳೆದು ಕುಳಿತವರಿಗೆ ಇದನ್ನು ವಿವರಿಸುವುದು ಬೇಡ.

ಖಿನ್ನತೆ ಎಂದರೆ ಬೇಸರವಲ್ಲ. ಬೇಸರ ಬರುತ್ತದೆ, ಒಂದು ಯಕ್ಷಗಾನ ನೋಡಿ ಬಂದರೆ, ಊರಿಗೆ ಹೋಗಿ ಬಂದರೆ ಹೋಗುತ್ತದೆ. ಕಾಯಿಲೆಯಾದರೆ ಹಾಗೆ ಹೋಗುವುದಿಲ್ಲ. ಡಾಕ್ಟರರು ಎರಡು ವಾರದ ಲೆಕ್ಕ ಹಿಡಿಯುತ್ತಾರೆ. ಎರಡು ವಾರಕ್ಕೂ ಮೇಲ್ಪಟ್ಟು ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿರುವುದು, ಅದರ ಜೊತೆಗೆ ನಿದ್ರೆ ಕೆಡುವುದು, ಹಸಿವು ಕೆಡುವುದು, ಸುಸ್ತು, ಗಮನ ನಿಲ್ಲದಿರುವುದು, ತಾನು ಯಾರಿಗೂ ಬೇಡದವನು ಎಂಬ ಯೋಚನೆ, ಕಡೆಗೆ ಬದುಕೇ ಬೇಡ ಎಂಬ ಯೋಚನೆ. ಜಗತ್ತಿನಾದ್ಯಂತ ಬಳಸುವ ಒಂದು ಪ್ರಶ್ನಾವಳಿ ಇದೆ, ಒಂಬತ್ತೇ ಪ್ರಶ್ನೆ, ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ಆದರೆ ನಮ್ಮ ಹುಡುಗರು ಯಾರೂ ಬಂದು ನನಗೆ ಮನಸ್ಸು ಸರಿಯಿಲ್ಲ ಎಂದು ಹೇಳುವುದಿಲ್ಲ. ತಲೆನೋವು ಎನ್ನುತ್ತಾರೆ, ಹೊಟ್ಟೆಯಲ್ಲಿ ಗ್ಯಾಸ್ ಎನ್ನುತ್ತಾರೆ, ಮೈಕೈ ನೋವು ಎನ್ನುತ್ತಾರೆ. ಮೆಡಿಕಲ್ ಅಂಗಡಿಯಿಂದ ಹತ್ತು ರೂಪಾಯಿಯ ಮಾತ್ರೆ ತಂದು ನುಂಗುತ್ತಾರೆ. ಕೆಲವರು ರಾತ್ರಿ ಕ್ವಾರ್ಟರ್ ಹಾಕುತ್ತಾರೆ. ಕುಡಿತ ಖಿನ್ನತೆಯನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚು ಮಾಡುತ್ತದೆ. ಆತುರದ ನಿರ್ಧಾರಕ್ಕೆ ಧೈರ್ಯವನ್ನೂ ಕೊಡುತ್ತದೆ.

ಹೊಟೇಲಿನ ಕೆಲಸದಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ, ನೋಡುವ ಕಣ್ಣು ಇದ್ದರೆ. ಇಪ್ಪತ್ತು ವರ್ಷ ಒಂದೇ ಹದದಲ್ಲಿ ಸಾಂಬಾರ್ ಮಾಡಿದ ಭಟ್ಟರು ಎರಡೆರಡು ಸಲ ಉಪ್ಪು ಹಾಕುತ್ತಾರೆ. ನಾಲ್ಕು ಟೇಬಲಿನ ಆರ್ಡರ್ ನೆನಪಿಟ್ಟುಕೊಳ್ಳುತ್ತಿದ್ದ ಸಪ್ಲೈಯರ್ ಒಂದು ಟೀ ಮರೆಯುತ್ತಾನೆ. ಜೊತೆಯವರ ಸಂಗಡ ಊಟಕ್ಕೆ ಕುಳಿತುಕೊಳ್ಳುವುದಿಲ್ಲ, ರಜೆಯ ದಿನ ರೂಮಿನಿಂದ ಹೊರಗೆ ಬರುವುದಿಲ್ಲ, ಊರಿನ ಫೋನ್ ಎತ್ತುವುದಿಲ್ಲ. ನಾವು ಆಲಸ್ಯ ಎಂದು ಬೈದರೆ ಅವನು ಹೌದು ಎಂದೇ ತಲೆಯಾಡಿಸುತ್ತಾನೆ, ಯಾಕೆಂದರೆ ತಾನು ಉಪಯೋಗಕ್ಕೆ ಬಾರದವನು ಎಂದು ಆ ಕಾಯಿಲೆಯೇ ಅವನಿಗೆ ಹೇಳುತ್ತಿರುತ್ತದೆ.

ಇಲ್ಲಿ ಒಂದು ದೊಡ್ಡ ಹೆದರಿಕೆ ಇದೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗೆ ಆಗುವುದಿಲ್ಲವೇ? ಈ ಹೆದರಿಕೆ ನಮಗೆ ಮಾತ್ರವಲ್ಲ, ಡಾಕ್ಟರರಿಗೂ ಇತ್ತು. ಅದನ್ನು ಪರೀಕ್ಷೆ ಮಾಡಿ ನೋಡಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿದರು. ಕೇಳಿದ ಗುಂಪಿನಲ್ಲಿ ಆ ಯೋಚನೆ ಹೆಚ್ಚಾಗಿರಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗೆ, ಹಿಂದೆ ಪ್ರಯತ್ನ ಮಾಡಿದ್ದ ಮಕ್ಕಳಿಗೆ ಕೇಳಿದ್ದರಿಂದ ತೊಂದರೆ ಕಡಿಮೆಯಾದಂತೆ ಕಂಡಿತು. 2005ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬ ಮಾತೇ ಬಂತು. ಆದ್ದರಿಂದ ಕೇಳಬಹುದು. ಎಲ್ಲರ ಎದುರಲ್ಲಿ ಅಲ್ಲ, ಗಿರಾಕಿ ಕಡಿಮೆ ಇರುವ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಹೌದು ಎಂದರೆ ಉಪದೇಶ ಕೊಡಲು ಹೋಗಬಾರದು. ಹೆಂಡತಿ ಮಕ್ಕಳ ಮುಖ ನೋಡು ಎಂದರೆ, ಅವರಿಗೆ ತಾನು ಹೊರೆ ಎಂದು ಆಗಲೇ ಯೋಚಿಸುತ್ತಿರುವವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಇನ್ನು ಔಷಧಿಯ ವಿಚಾರ. ಇದರಲ್ಲಿ ಗೊಂದಲ ಜಾಸ್ತಿ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಖಿನ್ನತೆಗೆ ಮಾತ್ರೆ ಸಿಕ್ಕಿದ್ದೇ ಒಂದು ಆಕಸ್ಮಿಕ. 1950ರ ದಶಕದಲ್ಲಿ ಕ್ಷಯರೋಗಕ್ಕೆಂದು ಕೊಟ್ಟ ಒಂದು ಔಷಧಿಯಿಂದ ರೋಗಿಗಳ ಮನಸ್ಸು ಹಗುರಾಗುವುದನ್ನು ಡಾಕ್ಟರರು ಗಮನಿಸಿದರು. ಅದೇ ದಶಕದಲ್ಲಿ ಸ್ವಿಜರ್ಲೆಂಡಿನಲ್ಲಿ ಇಮಿಪ್ರಮಿನ್ ಬಂತು. 1987ರ ಕೊನೆಗೆ ಅಮೆರಿಕದಲ್ಲಿ ಫ್ಲುವೊಕ್ಸೆಟಿನ್‌ಗೆ ಅನುಮತಿ ಸಿಕ್ಕಿತು. ಇಂದು ನಮ್ಮ ಡಾಕ್ಟರರು ಬರೆಯುವ ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಇವೆಲ್ಲ ಅದೇ ವರ್ಗದವು. ಇವು ಕೆಲಸ ಮಾಡುತ್ತವೆಯೇ? 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕಾಚಾರದಲ್ಲಿ 522 ಪ್ರಯೋಗಗಳನ್ನು, ಒಂದು ಲಕ್ಷ ಹದಿನಾರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟು ಸೇರಿಸಿ ನೋಡಿದರು. 21 ಔಷಧಿಗಳೂ ಬರೀ ಹಿಟ್ಟಿನ ಮಾತ್ರೆಗಿಂತ ಒಳ್ಳೆಯ ಫಲ ಕೊಟ್ಟಿದ್ದವು. ಆದರೆ ಬಹಳ ದೊಡ್ಡ ಅಂತರದಿಂದ ಅಲ್ಲ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ಮಾಡಿದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದಲ್ಲಿ ಮೊದಲ ಔಷಧಿಯಿಂದ ಪೂರ್ತಿ ಗುಣವಾದವರು ಸುಮಾರು ಮೂರರಲ್ಲಿ ಒಬ್ಬರು. ಒಂದು ಆಗದಿದ್ದರೆ ಇನ್ನೊಂದು ಎಂದು ನಾಲ್ಕು ಹಂತದವರೆಗೆ ಹೋದರೆ ಮೂರರಲ್ಲಿ ಇಬ್ಬರು ಗುಣವಾಗುತ್ತಾರೆ ಎಂದು 2006ರಲ್ಲಿ ಹೇಳಿದರು. 2023ರಲ್ಲಿ ಬೇರೆ ಸಂಶೋಧಕರು ಅದೇ ಕಾಗದಪತ್ರ ತೆಗೆದು ಮೊದಲು ಹಾಕಿಕೊಂಡಿದ್ದ ನಿಯಮದ ಪ್ರಕಾರ ಮತ್ತೆ ಲೆಕ್ಕ ಹಾಕಿದಾಗ ನೂರಕ್ಕೆ 35 ಮಾತ್ರ ಬಂತು. ಸಂಶೋಧನೆಯಲ್ಲೂ ಆಡಿಟ್ ಇದೆ ಎಂದು ಇದರಿಂದ ಗೊತ್ತಾಗುತ್ತದೆ. ನಮಗೆ ಬೇಕಾದ ತಾತ್ಪರ್ಯ ಇಷ್ಟೇ: ಮೊದಲ ಮಾತ್ರೆ ಹಿಡಿಯಲಿಲ್ಲ ಎಂದರೆ ಮದ್ದೇ ಇಲ್ಲ ಎಂದು ಅರ್ಥವಲ್ಲ, ಡಾಕ್ಟರು ಬದಲಾಯಿಸಿ ನೋಡುತ್ತಾರೆ.

ಇನ್ನೊಂದು ಮುಖ್ಯ ಸಂಗತಿ, ಈ ಮಾತ್ರೆ ಕ್ರೋಸಿನ್ ಹಾಗಲ್ಲ. ನುಂಗಿದ ಗಂಟೆಯಲ್ಲಿ ಫಲ ಸಿಗುವುದಿಲ್ಲ. ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕು. ಹೊಟ್ಟೆ ತೊಳಸುವುದು, ನಿದ್ರೆ ಏರುಪೇರು, ಚಡಪಡಿಕೆ ಇಂತಹ ಉಪದ್ರವ ಮಾತ್ರ ಮೊದಲ ವಾರವೇ ಬರಬಹುದು. ಲಾಭ ಆಮೇಲೆ, ಖರ್ಚು ಮೊದಲು. ಇಲ್ಲೇ ನಮ್ಮವರು ಕೈಬಿಡುವುದು. ನಮ್ಮ ಹೊಟೇಲಿನಲ್ಲೇ 2021ರಲ್ಲಿ ಹೀಗಾಯಿತು. ಬೈಂದೂರು ಕಡೆಯ ದೋಸೆ ಭಟ್ರು, ಲಾಕ್‌ಡೌನ್ ಮುಗಿಸಿ ಊರಿನಿಂದ ಬಂದವರು ಮೊದಲಿನ ಹಾಗೆ ಇರಲಿಲ್ಲ. ರಾತ್ರಿ ನಿದ್ರೆ ಇಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕತ್ತಲಲ್ಲಿ ಕುಳಿತಿರುತ್ತಿದ್ದರು. ಏನಾಗಿದೆ ಭಟ್ರೇ ಎಂದು ಕೇಳಿದ್ದಕ್ಕೆ, "ಎಂತದೂ ಬ್ಯಾಡ ಅಂತ ಕಾಂತ್ ಅಣ್ಣ" ಎಂದರು. ಆ ಮಾತನ್ನು ಸುಮ್ಮನೆ ಬಿಡುವ ಹಾಗಿರಲಿಲ್ಲ. ಸಾಯುವ ಯೋಚನೆ ಇದೆಯಾ ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು. ಅದೇ ದಿನ ನಗರಪಾಲಿಕೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ರೂಮಿನಲ್ಲಿ ಒಬ್ಬರೇ ಇರದ ಹಾಗೆ ವ್ಯವಸ್ಥೆ ಮಾಡಿದೆವು. ಹನ್ನೆರಡನೇ ದಿನ ಭಟ್ರು, ಇದರಿಂದ ಏನೂ ಆಗುವುದಿಲ್ಲ, ಬಾಯಿ ಒಣಗುವುದು ಬಿಟ್ಟರೆ ಬೇರೆ ಗುಣ ಇಲ್ಲ ಎಂದು ಮಾತ್ರೆ ನಿಲ್ಲಿಸಲು ಹೊರಟರು. ಡಾಕ್ಟರು ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಮ್ಯಾನೇಜರ್ ಬೆಳಗಿನ ಚಹಾದ ಜೊತೆಗೆ ಮಾತ್ರೆ ಕೈಗೆ ಕೊಡುವ ರೂಢಿ ಮಾಡಿದರು. ಸ್ಟ್ರಿಪ್ ಕೂಡಾ ಮ್ಯಾನೇಜರ ಹತ್ತಿರವೇ ಇತ್ತು. ಆರೇಳು ವಾರ ಕಳೆದ ಮೇಲೆ ಒಂದು ದಿನ ಗ್ರೈಂಡರ್ ಸರಿಯಾಗಿ ತೊಳೆದಿಲ್ಲ ಎಂದು ಭಟ್ರು ಕ್ಲೀನರ್ ಹುಡುಗನಿಗೆ ಜೋರಾಗಿ ಬೈದದ್ದು ಕೇಳಿಸಿತು. ಅಂತಹ ಬೈಗುಳ ಕೇಳಿ ಅಡುಗೆಮನೆಯವರೆಲ್ಲ ಖುಷಿಪಟ್ಟದ್ದು ಅದೇ ಮೊದಲು. ಗುಣವಾಯಿತೆಂದು ಭಟ್ರು ಮತ್ತೆ ನಿಲ್ಲಿಸಲು ನೋಡಿದರು. ಡಾಕ್ಟರು ಒಪ್ಪಲಿಲ್ಲ. ಗುಣವಾದ ಮೇಲೂ ಸಾಧಾರಣ ಆರು ತಿಂಗಳಾದರೂ ಮುಂದುವರಿಸಬೇಕು, ನಿಲ್ಲಿಸುವಾಗ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರುತ್ತದೆ, ಕಾಯಿಲೆ ಮರುಕಳಿಸಲೂಬಹುದು.

ಈ ಮಾತ್ರೆಗಳಿಂದಲೇ ಆತ್ಮಹತ್ಯೆ ಯೋಚನೆ ಬರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ, ಹಾಗೆಂದು ಜನ ಹೇಳುವಷ್ಟು ನಿಜವೂ ಅಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ 24 ಪ್ರಯೋಗಗಳನ್ನು ಒಟ್ಟಾಗಿ ನೋಡಿತು. ಸುಮಾರು 4,400 ಮಂದಿ. ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 4 ಮಂದಿಗೆ ಆತ್ಮಹತ್ಯೆಯ ಯೋಚನೆ ಅಥವಾ ಅಂತಹ ನಡವಳಿಕೆ ಕಂಡಿತು, ಹಿಟ್ಟಿನ ಮಾತ್ರೆಯವರಲ್ಲಿ ನೂರಕ್ಕೆ 2. ಆ ಪ್ರಯೋಗಗಳಲ್ಲಿ ಒಂದೇ ಒಂದು ಸಾವು ಆಗಿರಲಿಲ್ಲ. ಆದರೂ 2004ರ ಅಕ್ಟೋಬರದಲ್ಲಿ ಔಷಧಿಯ ಚೀಟಿಯ ಮೇಲೆ ಕಪ್ಪು ಚೌಕಟ್ಟಿನೊಳಗೆ ಎಚ್ಚರಿಕೆ ಹಾಕಿಸಿದರು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿದರು. ದೊಡ್ಡವರ ಲೆಕ್ಕ 2009ರಲ್ಲಿ ಬಂತು. 372 ಪ್ರಯೋಗ, ಒಂದು ಲಕ್ಷದ ಹತ್ತಿರ ಜನ. 25ಕ್ಕಿಂತ ಕೆಳಗಿನವರಲ್ಲಿ ಅಪಾಯ ಸ್ವಲ್ಪ ಹೆಚ್ಚು, 25ರಿಂದ 64ರವರಲ್ಲಿ ಹೆಚ್ಚಿಲ್ಲ, 65 ದಾಟಿದವರಲ್ಲಿ ಕಡಿಮೆ. ಎಚ್ಚರಿಕೆ ಬಂದ ಮೇಲೆ ಅಮೆರಿಕದಲ್ಲಿ ಮಕ್ಕಳಿಗೆ ಈ ಔಷಧಿ ಬರೆಯುವುದೇ ಕಡಿಮೆಯಾಯಿತು. ಅದರಿಂದ ಚಿಕಿತ್ಸೆ ಸಿಗದೆ ಇನ್ನಷ್ಟು ಹಾನಿಯಾಯಿತೇ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ನಮ್ಮಲ್ಲಿ ಕ್ಲೀನರ್, ಸಪ್ಲೈಯರ್ ಕೆಲಸಕ್ಕಿರುವ ಹುಡುಗರು ಬಹಳ ಮಂದಿ 18ರಿಂದ 24ರ ಪ್ರಾಯದವರೇ. ಅವರಿಗೆ ಡಾಕ್ಟರು ಮಾತ್ರೆ ಬರೆದರೆ ಹೆದರಿ ನಿಲ್ಲಿಸಬೇಕಾಗಿಲ್ಲ. ಮೊದಲ ಕೆಲವು ವಾರ ಹುಡುಗನ ಮೇಲೆ ಒಂದು ಕಣ್ಣಿಟ್ಟಿರಬೇಕು. ಚಡಪಡಿಕೆ, ಸಿಡಿಮಿಡಿ, ನಿದ್ರೆಯೇ ಇಲ್ಲದಿರುವುದು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಡಾಕ್ಟರರ ಹತ್ತಿರ ಹೋಗಬೇಕು. ಮೆಡಿಕಲ್ ಅಂಗಡಿಯವನಿಗೆ ಹೇಳಿ ಚೀಟಿ ಇಲ್ಲದೆ ತರಿಸಿಕೊಳ್ಳುವುದಂತೂ ಬೇಡವೇ ಬೇಡ.

ಲಿಥಿಯಂ ಎಂಬ ಹಳೆಯ ಔಷಧಿಯ ಬಗ್ಗೆ ಒಂದು ಮಾತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಇದರ ಗುಣ ಕಂಡುಹಿಡಿದರು. ಮನಸ್ಸು ಒಮ್ಮೆ ತೀರಾ ಮೇಲೆ, ಒಮ್ಮೆ ತೀರಾ ಕೆಳಗೆ ಹೋಗುವ ಕಾಯಿಲೆಗೆ ಇದನ್ನು ಕೊಡುತ್ತಾರೆ. 2013ರಲ್ಲಿ 48 ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಲಿಥಿಯಂ ತೆಗೆದುಕೊಂಡವರಲ್ಲಿ ಆತ್ಮಹತ್ಯೆ ಕಡಿಮೆ ಎಂದು ಕಂಡಿತ್ತು. ಆದರೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 519 ಮಂದಿಯ ಮೇಲೆ ಮಾಡಿದ ಪ್ರಯೋಗದಲ್ಲಿ ಅಂತಹ ಲಾಭ ಕಾಣದೆ ಮಧ್ಯದಲ್ಲೇ ನಿಲ್ಲಿಸಿದರು, 2021ರಲ್ಲಿ ಅದು ಪ್ರಕಟವಾಯಿತು. ಮೂಗಿಗೆ ಸಿಂಪಡಿಸುವ ಎಸ್‌ಕೆಟಮಿನ್ ಎಂಬ ಹೊಸ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಖಿನ್ನತೆಯನ್ನು ಗಂಟೆಗಳಲ್ಲಿ, ದಿನಗಳಲ್ಲಿ ಇಳಿಸಬಲ್ಲದು. ಆದರೆ ಆತ್ಮಹತ್ಯೆಯನ್ನು ತಡೆಯುತ್ತದೆ ಎಂದು ಸಾಬೀತಾಗಿಲ್ಲ ಎಂದು ಅದರ ಚೀಟಿಯಲ್ಲೇ ಬರೆದಿದೆ. ಇವೆಲ್ಲ ತಜ್ಞ ಡಾಕ್ಟರರಿಗೆ ಬಿಟ್ಟ ವಿಷಯ.

ನಮಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ಬೇರೆ. ಜೆರೋಮ್ ಮೊಟ್ಟೊ ಎಂಬವರು ಸ್ಯಾನ್‌ಫ್ರಾನ್ಸಿಸ್ಕೋದ ಮಾನಸಿಕ ತಜ್ಞರು. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ ಊರಿನ ಕಡೆಯಿಂದ ಬರುತ್ತಿದ್ದ ಪತ್ರಗಳು ಅವರಿಗೆ ಎಷ್ಟು ಧೈರ್ಯ ಕೊಟ್ಟಿದ್ದವೆಂದರೆ, ಆ ನೆನಪಿನಿಂದಲೇ ಒಂದು ಪ್ರಯೋಗ ಮಾಡಿದರು. ಖಿನ್ನತೆ ಅಥವಾ ಆತ್ಮಹತ್ಯೆಯ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದು, ಬಿಡುಗಡೆಯಾದ ಮೇಲೆ ಚಿಕಿತ್ಸೆ ಬೇಡವೆಂದು ಹೋದ 843 ಮಂದಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಐದು ವರ್ಷಗಳಲ್ಲಿ 24 ಸಣ್ಣ ಪತ್ರ ಬರೆದರು. ಪತ್ರದಲ್ಲಿ ಮದ್ದಿನ ಮಾತಿಲ್ಲ, ಬನ್ನಿ ಎಂಬ ಒತ್ತಾಯವಿಲ್ಲ. ನೀವು ಬಂದು ಹೋಗಿ ಸ್ವಲ್ಪ ದಿನವಾಯಿತು, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ, ಇಂತಹ ಅರ್ಥದ ನಾಲ್ಕು ಸಾಲು. ಇನ್ನೊಂದು ಪಾಲಿಗೆ ಪತ್ರವಿಲ್ಲ. ಪತ್ರ ಹೋದವರಲ್ಲಿ ಸಾವು ಕಡಿಮೆಯಾಗಿತ್ತು, ಮೊದಲ ಎರಡು ವರ್ಷಗಳಲ್ಲಿ ಆ ವ್ಯತ್ಯಾಸ ಸ್ಪಷ್ಟವಾಗಿತ್ತು. 2001ರಲ್ಲಿ ಇದರ ಪೂರ್ಣ ವರದಿ ಬಂತು. ನಂತರ ಬೇರೆ ಕಡೆ ಮಾಡಿದ ಇಂತಹ ಪ್ರಯೋಗಗಳಲ್ಲಿ ಫಲ ಒಂದೇ ತರಹ ಬರಲಿಲ್ಲ ಎಂಬುದನ್ನೂ ಹೇಳಬೇಕು.

ಆದರೆ ನಮ್ಮ ಚೆನ್ನೈಯ ಕಥೆ ಕೇಳಿ. ಡಾ. ಲಕ್ಷ್ಮಿ ವಿಜಯಕುಮಾರ್ ಅವರು 1986ರಲ್ಲಿ ಅಲ್ಲಿ ಸ್ನೇಹಾ ಎಂಬ ಸಂಸ್ಥೆ ಕಟ್ಟಿದವರು. ವಿಶ್ವ ಆರೋಗ್ಯ ಸಂಸ್ಥೆ ಐದು ಊರುಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿತು: ಬ್ರೆಜಿಲಿನ ಕಂಪಿನಾಸ್, ಶ್ರೀಲಂಕಾದ ಕೊಲಂಬೊ, ಇರಾನಿನ ಕರಾಜ್, ಚೀನಾದ ಯುನ್‌ಚೆಂಗ್, ಮತ್ತು ಚೆನ್ನೈ. ಚೆನ್ನೈಯ ಭಾಗ ನೋಡಿಕೊಂಡವರು ಡಾ. ಲಕ್ಷ್ಮಿಯವರ ತಂಡ. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದು ಬದುಕಿದ 1,867 ಮಂದಿಯನ್ನು ಆರಿಸಿದರು. ಅರ್ಧದಷ್ಟು ಮಂದಿಗೆ ಮಾಮೂಲು ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ, ಮನೆಗೆ ಕಳುಹಿಸುವ ಮೊದಲು ಒಂದು ಗಂಟೆ ಕೂರಿಸಿ ಮಾತು. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಮನೆಗೆ ಭೇಟಿ. ಮೊದಲ ವಾರ, ಎರಡನೇ ವಾರ, ನಾಲ್ಕನೇ ವಾರ ಹೀಗೆ ಮೊದಲಿಗೆ ಹತ್ತಿರ ಹತ್ತಿರ, ಆಮೇಲೆ ದೂರ ದೂರ. ಹೇಗಿದ್ದೀರಿ, ಏನಾದರೂ ಬೇಕೇ, ಅಷ್ಟೇ. ಹದಿನೆಂಟು ತಿಂಗಳ ನಂತರ ನೋಡಿದರೆ, ಮಾಮೂಲು ಚಿಕಿತ್ಸೆಯವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಸಾವಿರಕ್ಕೆ 22ರ ಲೆಕ್ಕ. ಫೋನ್ ಹೋದವರಲ್ಲಿ ಸಾವಿರಕ್ಕೆ 2. ಈ ವರದಿ 2008ರಲ್ಲಿ ಪ್ರಕಟವಾಯಿತು. ದುಬಾರಿ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಮಾತಾಡಿದವರು ತರಬೇತಾದ ಡಾಕ್ಟರ್, ನರ್ಸ್, ಮನಶ್ಶಾಸ್ತ್ರಜ್ಞರು ಎಂಬುದು ನಿಜ. ಆದರೆ ಫೋನು ನಮ್ಮ ಜೇಬಿನಲ್ಲೂ ಇದೆ.

ಯಾಕೆ ಇದನ್ನು ಒತ್ತಿ ಹೇಳುತ್ತೇವೆಂದರೆ, ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಮೊದಲ ಮೂರು ತಿಂಗಳೇ ಅತಿ ಅಪಾಯದ ಸಮಯ ಎಂದು ಹಲವು ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ತಿಳಿದುಬಂದಿದೆ. ನಮ್ಮಲ್ಲಿ ರೂಢಿ ಏನು? ಹುಡುಗ ಹೀಗೆ ಮಾಡಿಕೊಂಡ ಎಂದಾದರೆ ಆಸ್ಪತ್ರೆಯಿಂದ ನೇರ ಬಸ್ಸು ಹತ್ತಿಸಿ ಊರಿಗೆ ಕಳುಹಿಸುತ್ತೇವೆ, ಲೆಕ್ಕ ಚುಕ್ತಾ ಮಾಡುತ್ತೇವೆ. ಅಂದರೆ ಅತ್ಯಂತ ಅಪಾಯದ ಮೂರು ತಿಂಗಳು ಅವನಿಗೆ ಕೆಲಸವೂ ಇಲ್ಲ, ಊರಿನಲ್ಲಿ ಮುಖ ತೋರಿಸಲೂ ಆಗುವುದಿಲ್ಲ, ಹತ್ತಿರದಲ್ಲಿ ಡಾಕ್ಟರೂ ಇರಲಿಕ್ಕಿಲ್ಲ. ಮನೆಯವರ ಹತ್ತಿರ ಇರುವುದು ಒಳ್ಳೆಯದೇ. ಆದರೆ ಕೆಲಸ ಉಂಟು, ಗುಣವಾದ ಮೇಲೆ ಬಾ ಎಂಬ ಮಾತು ಮತ್ತು ವಾರಕ್ಕೊಂದು ಫೋನ್ ಜೊತೆಗೆ ಹೋಗಬೇಕು. ಒಮ್ಮೆ ಪ್ರಯತ್ನ ಮಾಡಿದವನು ಮತ್ತೆ ಮಾಡಿಯೇ ಮಾಡುತ್ತಾನೆ, ಯಾರಿಂದಲೂ ತಡೆಯಲಾಗದು ಎನ್ನುವವರಿದ್ದಾರೆ. ಅಮೆರಿಕದಲ್ಲಿ ಕೊನೆಯ ಕ್ಷಣದಲ್ಲಿ ತಡೆದು ಹಿಂದಕ್ಕೆ ಕರೆತಂದ 515 ಮಂದಿ ಆಮೇಲೆ ಏನಾದರೆಂದು 1978ರಲ್ಲಿ ಒಬ್ಬ ಸಂಶೋಧಕರು ಹುಡುಕಿ ನೋಡಿದರು. ಅವರಲ್ಲಿ ಕೆಲವರು ಇಪ್ಪತ್ತು ಮೂವತ್ತು ವರ್ಷ ಹಿಂದೆ ಬದುಕಿ ಉಳಿದವರು. ನೂರಕ್ಕೆ 94 ಮಂದಿ ಒಂದೋ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ಆ ಗಳಿಗೆ ದಾಟಿಸುವುದು ಅಷ್ಟು ಮುಖ್ಯ. ಅದಕ್ಕೇ ಡಾಕ್ಟರರು, ಅಂತಹ ಸಮಯದಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ, ಕೀಟನಾಶಕ, ಕ್ಲೀನಿಂಗ್ ಸಾಮಾನು ಇವನ್ನೆಲ್ಲ ಬೀಗ ಹಾಕಿಡಿ ಎನ್ನುವುದು. ಸ್ಟೋರ್‌ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಇವತ್ತೇ ನೋಡಿಕೊಳ್ಳಿ.

ಗೋವಾದ ಕೆಲಸವೂ ನಮಗೆ ಹತ್ತಿರದ್ದು. ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು 1996ರಲ್ಲಿ ಅಲ್ಲಿ ಸಂಗಾತ್ ಎಂಬ ಸಂಸ್ಥೆ ಸ್ಥಾಪಿಸಿದರು. ದೇಶದಲ್ಲಿ ಮಾನಸಿಕ ತಜ್ಞರೇ ಕಡಿಮೆ, ಹಾಗಾದರೆ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಸಲಹೆಗಾರರನ್ನಾಗಿ ಮಾಡಿದರೆ ಹೇಗೆ ಎಂದು ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಮಂದಿಯಲ್ಲಿ ಒಂದು ಪಾಲಿಗೆ ಈ ಸಲಹೆಗಾರರು ಆರರಿಂದ ಎಂಟು ಸಲ ಭೇಟಿಯಾಗಿ ಮಾತಾಡಿದರು. ದೊಡ್ಡ ವೇದಾಂತವೇನಲ್ಲ. ಕಾಯಿಲೆಯಿಂದ ಬಿಟ್ಟುಹೋದ ಸಣ್ಣ ಸಣ್ಣ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುವುದು, ಬೆಳಿಗ್ಗೆ ಒಂದು ಸುತ್ತು ನಡೆಯುವುದು, ಅಣ್ಣನ ಮನೆಗೆ ಹೋಗಿ ಬರುವುದು, ದೇವಸ್ಥಾನಕ್ಕೆ ಹೋಗುವುದು, ಸಮಸ್ಯೆಯನ್ನು ತುಂಡು ಮಾಡಿ ನೋಡುವುದು. ಮೂರು ತಿಂಗಳಲ್ಲಿ ಇವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಗೆ ಬಂದಿದ್ದರು. ಮಾಮೂಲು ಚಿಕಿತ್ಸೆಯವರಲ್ಲಿ 39. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವರದಿ ಇದು. ನಮ್ಮ ಸಂಘದಲ್ಲಿ ಫುಡ್ ಸೇಫ್ಟಿ ತರಬೇತಿಗೆ ಜನ ಕಳುಹಿಸುತ್ತೇವೆ. ಪ್ರತಿ ವಲಯದಿಂದ ಒಬ್ಬ ಮ್ಯಾನೇಜರ್ ಅಥವಾ ಸೂಪರ್‌ವೈಸರನ್ನು ಇಂತಹ ತರಬೇತಿಗೂ ಕಳುಹಿಸಬಹುದೇ ಎಂದು ಕಾರ್ಯಕಾರಿ ಸಮಿತಿ ಯೋಚಿಸಲಿ ಎಂಬುದು ನಮ್ಮ ಸೂಚನೆ. ಹಿಂದೆ ಮುಂಬಯಿಯ ನಮ್ಮ ಹಿರಿಯರು ಹೊಟೇಲ್ ಹುಡುಗರಿಗೆಂದು ರಾತ್ರಿ ಶಾಲೆಗಳನ್ನು ನಡೆಸಿದರು. ಆಗ ಅದು ಯಾವ ಕಾನೂನಿನ ಒತ್ತಾಯದಿಂದ ಅಲ್ಲ.

ಕಾನೂನು ಎಂದಾಗ ನೆನಪಾಯಿತು. ಮಾಲಕರಿಗಿರುವ ದೊಡ್ಡ ಹೆದರಿಕೆ ಪೊಲೀಸ್ ಸ್ಟೇಶನ್. ಹುಡುಗ ಬದುಕಿದರೂ ಅವನ ಮೇಲೆ ಕೇಸು, ನಮಗೆ ಅಲೆದಾಟ ಎಂದು ಆಸ್ಪತ್ರೆಗೆ ಕರೆದೊಯ್ಯಲು ಹಿಂದೆಮುಂದೆ ನೋಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಆತ್ಮಹತ್ಯೆಗೆ ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಎಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಎಂದು ಅದರ 115ನೇ ಕಲಮು ಹೇಳುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಸರಕಾರಿ ನೌಕರನನ್ನು ಹೆದರಿಸಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಹೇಳಿಕೆ ತೆಗೆದುಕೊಳ್ಳಬಹುದು, ಅದು ಬೇರೆ ವಿಷಯ. ಆ ಹೆದರಿಕೆಯಿಂದ ಒಂದು ಗಂಟೆ ತಡಮಾಡಿದರೆ ಜೀವ ಹೋಗಬಹುದು. ಇದೇ ಕಾಯ್ದೆಯ ಪ್ರಕಾರ ಆರೋಗ್ಯ ವಿಮೆಯವರು ಬೇರೆ ಕಾಯಿಲೆಗಳ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಗ್ರೂಪ್ ಪಾಲಿಸಿ ಮಾಡಿಸಿದವರು ಏಜೆಂಟರ ಹತ್ತಿರ ಕೇಳಿ ನೋಡಿ.

ಭಾಷೆಯದ್ದೂ ಒಂದು ತೊಂದರೆ. ಕುಂದಾಪುರದ ಹುಡುಗ ಪುಣೆಯ ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ಮನಸ್ಸು ಬಿಚ್ಚಿ ಹೇಗೆ ಹೇಳುತ್ತಾನೆ? ಒಡಿಶಾ, ನೇಪಾಳ ಕಡೆಯಿಂದ ಬಂದ ಹುಡುಗರ ಕಥೆಯೂ ಅದೇ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆ ಶುರು ಮಾಡಿತು. ನಂಬರ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡ, ಹಿಂದಿ, ಮರಾಠಿ, ತಮಿಳು, ತೆಲುಗು ಸೇರಿ 20 ಭಾಷೆಗಳಲ್ಲಿ ಮಾತಾಡುತ್ತಾರೆ. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಹೆಸರು ಹೇಳಬೇಕೆಂದಿಲ್ಲ. ಮಾಲಕರೂ ಮಾಡಬಹುದು, ಹುಡುಗನ ಪರವಾಗಿ ಏನು ಮಾಡಬೇಕೆಂದು ಕೇಳಲೂಬಹುದು. ಕೈಮೀರಿದೆ ಎನಿಸಿದರೆ ಫೋನಿನಲ್ಲಿ ಹೊತ್ತು ಕಳೆಯದೆ ಹತ್ತಿರದ ಸರಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಈ ನಂಬರನ್ನು ದೊಡ್ಡ ಅಕ್ಷರದಲ್ಲಿ ಕನ್ನಡ ಮತ್ತು ಹಿಂದಿಯಲ್ಲಿ ಬರೆದು ಗಿರಾಕಿಗಳಿಗೆ ಕಾಣುವಲ್ಲಿ ಅಲ್ಲ, ಹುಡುಗರು ಬಟ್ಟೆ ಬದಲಾಯಿಸುವ ಜಾಗದಲ್ಲಿ, ಮಲಗುವ ರೂಮಿನ ಬಾಗಿಲ ಹಿಂದೆ ಅಂಟಿಸಿ. ಅಲ್ಲಿ ನಿಂತು ಓದುವುದನ್ನು ಯಾರೂ ನೋಡುವುದಿಲ್ಲ.